ನಿಯಮ ಬದಲಾದ ಚೆಸ್ ಸಮಸ್ಯೆಗಳು: ಮೊದಲು ಕೊನೆಯ ಚಿತ್ರ, ಆಮೇಲೆ ನಡೆ

ಪ್ರಶ್ನೆ: ‘ಬಿಳಿ ಆಡಿ ಎರಡು ನಡೆಯಲ್ಲಿ ಮೇಟ್’ ಬಗೆಯ ಸಮಸ್ಯೆಗಳನ್ನು ನಾನು ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷದಲ್ಲಿ ಬಿಡಿಸುತ್ತೇನೆ. ಆದರೆ ಹೆಲ್ಪ್‌ಮೇಟ್, ಸೆಲ್ಫ್‌ಮೇಟ್, ಸೀರೀಸ್, ಗ್ರಾಸ್‌ಹಾಪರ್, ಸರ್ಸಿ ಎಂಬ ಪದ ಕಂಡರೆ ಕೈಯೇ ಓಡುವುದಿಲ್ಲ. ಒಂದು ಉದಾಹರಣೆ: ಬಿಳಿ ರಾಜ ಸಿ1, ಕುದುರೆ ಇ3, ಕಪ್ಪು ರಾಜ ಬಿ3, ಕಾಲಾಳು ಎ3. ಕೆಳಗೆ ‘ಸೀರೀಸ್ ಹೆಲ್ಪ್‌ಮೇಟ್ 3’ ಎಂದಿದೆ. ಕಾಲಾಳನ್ನು ಎ1ಕ್ಕೆ ಓಡಿಸಿ ರಾಣಿ ಮಾಡಿ ನೋಡಿದೆ, ಮೇಟ್ ಸಿಗಲಿಲ್ಲ. ಮೊಬೈಲಿನ ಚೆಸ್ ಆ್ಯಪ್‌ಗೆ ಹಾಕಿದರೆ ಅದು ಮಾಮೂಲಿ ಆಟ ಆಡುತ್ತದೆ. ಇಂಥವನ್ನು ಯೋಚಿಸಲು ಒಂದು ಕ್ರಮ ಇದೆಯೇ? ಬಂದ ಉತ್ತರ ಸರಿಯೋ ಎಂದು ನೋಡುವುದು ಹೇಗೆ?

ಉತ್ತರ: ನಿಮ್ಮ ಸಮಸ್ಯೆಯಿಂದಲೇ ಹೊರಡೋಣ. ಸೀರೀಸ್ ಹೆಲ್ಪ್‌ಮೇಟ್ 3 ಎಂದರೆ ಕಪ್ಪು ಬೆನ್ನುಬೆನ್ನಿಗೆ ಮೂರು ನಡೆ ಆಡುತ್ತದೆ, ಬಿಳಿ ಅಷ್ಟು ಹೊತ್ತು ಸುಮ್ಮನಿರುತ್ತದೆ, ನಂತರ ಬಿಳಿ ಒಂದೇ ನಡೆಯಲ್ಲಿ ಮೇಟ್ ಕೊಡುತ್ತದೆ. ಕಪ್ಪು ಇಲ್ಲಿ ಎದುರಾಳಿಯಲ್ಲ, ತನ್ನ ರಾಜನನ್ನು ಸಿಕ್ಕಿಸಲು ತಾನೇ ಸಹಾಯ ಮಾಡುತ್ತಿದೆ. ಇದರ ಜೊತೆಗೆ ಹೇಳದೇ ಬಿಡುವ ಒಂದು ನಿಯಮ ಇದೆ: ಸಾಲಾಗಿ ಆಡುವ ಪಕ್ಷ ಕೊನೆಯ ನಡೆಯಲ್ಲಿ ಬಿಟ್ಟು ಮಧ್ಯೆ ಎಲ್ಲೂ ಚೆಕ್ ಕೊಡುವಂತಿಲ್ಲ. ನೀವು ಎರಡನೆಯ ನಡೆಯಲ್ಲಿ ಎ1ರಲ್ಲಿ ರಾಣಿ ಮಾಡಿದಿರಿ. ಬಿ1 ಖಾಲಿ ಇರುವುದರಿಂದ ಆ ರಾಣಿ ಸಿ1ರ ರಾಜನಿಗೆ ಚೆಕ್ ಕೊಡುತ್ತದೆ, ಹಾಗಾಗಿ ನಿಮ್ಮ ಪ್ರಯತ್ನ ಅಲ್ಲೇ ಕಾನೂನುಬಾಹಿರ. ಮೇಟ್ ಸಿಗದಿದ್ದುದು ಆಮೇಲಿನ ಮಾತು.

ಈಗ ಬಿಡಿಸುವ ಬಗೆ. ಮುಂದಕ್ಕೆ ನಡೆ ಹುಡುಕುವುದನ್ನು ನಿಲ್ಲಿಸಿ, ಕೊನೆಯ ಚಿತ್ರವನ್ನು ಬರೆದುಕೊಳ್ಳಿ. ಎರಡು ನಡೆಯ ಮಾಮೂಲಿ ಸಮಸ್ಯೆಯಲ್ಲಿ ಮುಂದಕ್ಕೆ ಹುಡುಕುವುದು ಫಲಿಸುತ್ತದೆ, ಯಾಕೆಂದರೆ ಅಲ್ಲಿ ಎದುರಾಳಿ ತಡೆಯುತ್ತಾನೆ, ತಪ್ಪು ನಡೆಗಳೆಲ್ಲ ಒಂದೊಂದು ಉತ್ತರಕ್ಕೆ ಸೋತು ಬಿದ್ದುಹೋಗುತ್ತವೆ. ಹೆಲ್ಪ್‌ಮೇಟ್‌ನಲ್ಲಿ ತಡೆಯುವವರೇ ಇಲ್ಲ. ಯಾವ ನಡೆಯೂ ‘ತಪ್ಪು’ ಎಂದು ತಾನಾಗಿ ಹೇಳುವುದಿಲ್ಲ, ಕವಲುಗಳು ಮಾತ್ರ ಬೆಳೆಯುತ್ತವೆ. ಹಿಂದಿನಿಂದ ಬಂದರೆ ಕವಲು ಕಡಿಮೆ.

ಲೆಕ್ಕ ಹೀಗೆ. ರಾಜ ಬಯಲಲ್ಲಿದ್ದರೆ ಅವನ ಸುತ್ತ ಎಂಟು ಮನೆ ಮುಚ್ಚಬೇಕು, ಅಂಚಿನಲ್ಲಿದ್ದರೆ ಐದು, ಮೂಲೆಯಲ್ಲಿದ್ದರೆ ಮೂರು. ಬಿಳಿಯ ಬಳಿ ಇರುವುದು ರಾಜ ಮತ್ತು ಒಂದು ಕುದುರೆ. ಕುದುರೆ ಚೆಕ್ ಕೊಡುತ್ತದೆ, ರಾಜ ಒಂದೆರಡು ಮನೆ ಕಾಯುತ್ತಾನೆ. ಇಷ್ಟು ಬಡ ಸೈನ್ಯಕ್ಕೆ ಮೂಲೆ ಬಿಟ್ಟು ಬೇರೆಲ್ಲೂ ಆಗದು. ಸಿ1ರ ಬಿಳಿ ರಾಜ ಬಿ1, ಬಿ2 ಎರಡನ್ನೂ ಕಾಯುತ್ತಿದ್ದಾನೆ, ಆದ್ದರಿಂದ ಮೂಲೆ ಎ1. ಉಳಿಯುವುದು ಎ2 ಒಂದೇ. ಅದನ್ನು ಕಾಯಲು ಬಿಳಿಯ ಬಳಿ ಯಾರೂ ಇಲ್ಲ, ಹಾಗಿದ್ದರೆ ಕಪ್ಪೇ ಅದನ್ನು ತನ್ನ ಕಾಯಿಯಿಂದ ಮುಚ್ಚಬೇಕು. ಕಾಯಿ ಎಂದರೆ ಇರುವುದು ಆ ಕಾಲಾಳು ಮಾತ್ರ. ಚಿತ್ರ ಸಿದ್ಧವಾಯಿತು: ಕಪ್ಪು ರಾಜ ಎ1, ಕಾಲಾಳು ಎ2, ಬಿಳಿ ರಾಜ ಸಿ1, ಕುದುರೆ ಸಿ2ಕ್ಕೋ ಬಿ3ಕ್ಕೋ ಬಂದು ಚೆಕ್. ಇ3ರಿಂದ ಒಂದೇ ನಡೆಯಲ್ಲಿ ತಲುಪುವುದು ಸಿ2 ಮಾತ್ರ.

ಇನ್ನು ಕ್ರಮ. ಕಾಲಾಳು ಮೊದಲೇ ಎ2ಕ್ಕೆ ಹೋದರೆ ರಾಜನಿಗೆ ಎ1ಕ್ಕೆ ದಾರಿ ಇಲ್ಲ, ಬಿ1, ಬಿ2 ಎರಡೂ ಕಾವಲಿನಲ್ಲಿವೆ. ಆದ್ದರಿಂದ ರಾಜ ಮೊದಲು ಎ2 ದಾಟಿ ಹೋಗಬೇಕು: 1. ರಾಜ ಎ2, 2. ರಾಜ ಎ1, 3. ಕಾಲಾಳು ಎ2, ಈಗ ಬಿಳಿ ಕುದುರೆ ಸಿ2 ಮೇಟ್. ಬೇರೆ ಕ್ರಮ ಇಲ್ಲ. ಇಂಥ ಸಮಸ್ಯೆಯಲ್ಲಿ ನೋಡಬೇಕಾದ ಸೊಗಸು ಇರುವುದು ಮೇಟ್‌ನಲ್ಲಲ್ಲ, ‘ಈ ಕ್ರಮವೇ ಯಾಕೆ’ ಎಂಬುದಕ್ಕೆ ಸಿಗುವ ಕಾರಣದಲ್ಲಿ.

ಕಾಲಾಳನ್ನು ಎ3ರ ಬದಲು ಎ4ರಲ್ಲಿಟ್ಟು ‘ಸೀರೀಸ್ ಹೆಲ್ಪ್‌ಮೇಟ್ 4’ ಎಂದು ಕರೆದು ನೋಡಿ. ಚಿತ್ರ ಅದೇ. ಆದರೆ ಕಾಲಾಳು ಎ3ಕ್ಕೆ ಬರುವ ನಡೆಯನ್ನು ಮೊದಲನೆಯದಾಗಿ ಆಡಬಹುದು, ರಾಜ ಎ2ಕ್ಕೆ ಹೋದ ಮೇಲೆ ಆಡಬಹುದು, ರಾಜ ಎ1 ಸೇರಿದ ಮೇಲೂ ಆಡಬಹುದು. ಮೂರು ಕ್ರಮ, ಮೂರರಲ್ಲೂ ಮೇಟ್. ರಚನಕಾರರ ಭಾಷೆಯಲ್ಲಿ ಇದು ಕೆಟ್ಟ ಸಮಸ್ಯೆ, ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ. ಇದು ಬಿಡಿಸುವವರಿಗೂ ಉಪಯೋಗಕ್ಕೆ ಬರುತ್ತದೆ: ನಿಮ್ಮ ಉತ್ತರದಲ್ಲಿ ಎರಡು ನಡೆಗಳನ್ನು ಅದಲುಬದಲು ಮಾಡಿದರೂ ಕೆಲಸ ಆಗುತ್ತದೆ ಎಂದರೆ, ರಚನಕಾರ ಎಡವಿದ್ದಾನೆ ಎನ್ನುವುದಕ್ಕಿಂತ ನೀವು ಅವನ ಉತ್ತರವನ್ನು ಇನ್ನೂ ಕಂಡಿಲ್ಲ ಎನ್ನುವುದೇ ಹೆಚ್ಚು ಸಂಭವ. ಹಲಗೆ ಸರಿಯಾಗಿ ಜೋಡಿಸಿದ್ದೀರಾ ಎಂದು ಮತ್ತೊಮ್ಮೆ ನೋಡಿ. ಚಿತ್ರದ ಕೆಳಗೆ 2+2, 7+5 ಎಂದು ಅಂಕಿ ಕೊಟ್ಟಿರುತ್ತಾರೆ, ಮೊದಲನೆಯದು ಬಿಳಿ ಕಾಯಿಗಳ ಸಂಖ್ಯೆ, ಎರಡನೆಯದು ಕಪ್ಪಿನದು. ಎಣಿಸುವುದು ಅರ್ಧ ನಿಮಿಷದ ಕೆಲಸ, ಉಳಿಸುವುದು ಕೆಲವು ಸಲ ಅರ್ಧ ದಿನ.

ಹೆಲ್ಪ್‌ಮೇಟ್: ಯಾರು ಮೊದಲು, ಯಾರಿಗೆ ಬಿಡುವು

ಸೀರೀಸ್ ಇಲ್ಲದ ಹೆಲ್ಪ್‌ಮೇಟ್‌ನಲ್ಲಿ ಇಬ್ಬರೂ ಸರದಿಯಂತೆ ಆಡುತ್ತಾರೆ, ಆದರೆ ಕಪ್ಪು ಮೊದಲು. ಹೊಸಬರು ಎಡವುವುದು ಇಲ್ಲೇ. ಮ್ಯಾಕ್ಸ್ ಲಾಂಗೆ 1854ರಲ್ಲಿ ಈ ಬಗೆಯನ್ನು ಹುಟ್ಟುಹಾಕಿದಾಗ ಬಿಳಿಯೇ ಮೊದಲು ಆಡುತ್ತಿತ್ತು. 1860ರಲ್ಲಿ ಅಮೆರಿಕದ ಸ್ಯಾಮ್ ಲಾಯ್ಡ್ ಕಪ್ಪು ಮೊದಲು ಆಡುವ ಸಮಸ್ಯೆ ಪ್ರಕಟಿಸಿದ, ಈಗ ಅದೇ ರೂಢಿ. ಬರೆಯುವಾಗಲೂ ಪ್ರತಿ ಸಂಖ್ಯೆಯ ಮುಂದಿನ ಮೊದಲ ನಡೆ ಕಪ್ಪಿನದು, ಎರಡನೆಯದು ಬಿಳಿಯದು. ‘ಹೆಲ್ಪ್‌ಮೇಟ್ 2½’ ಎಂದು ಅರ್ಧ ಸೇರಿದ್ದರೆ ಬಿಳಿ ಮೊದಲು. ಸಂಖ್ಯೆಯ ಪಕ್ಕ ನಕ್ಷತ್ರ ಗುರುತಿದ್ದರೆ ಅಲ್ಲಿ ಸೆಟ್ ಪ್ಲೇ ಇದೆ, ಅಂದರೆ ಕಪ್ಪಿನ ಮೊದಲ ನಡೆ ಬಿಟ್ಟು ಬಿಳಿ ಶುರು ಮಾಡಿದರೂ ಇನ್ನೊಂದು ಉತ್ತರ ಸಿಗುತ್ತದೆ.

ಮೇಲಿನ ಚಿತ್ರವನ್ನೇ ಇಲ್ಲಿಗೆ ತರೋಣ. ಬಿಳಿ ರಾಜ ಸಿ1, ಕುದುರೆ ಜಿ4. ಕಪ್ಪು ರಾಜ ಎ2, ಕಾಲಾಳು ಎ3. ಹೆಲ್ಪ್‌ಮೇಟ್ 2. ಕಪ್ಪಿನ ಎರಡು ನಡೆಗಳೂ ಗೊತ್ತೇ ಇವೆ: ರಾಜ ಎ1, ಕಾಲಾಳು ಎ2. ಕುದುರೆ ಎರಡು ನಡೆಯಲ್ಲಿ ಸಿ2 ಅಥವಾ ಬಿ3 ಸೇರಬೇಕು. ಜಿ4ರಿಂದ ಹೋಗುವ ಆರು ಮನೆಗಳಲ್ಲಿ ಇ3 ಒಂದೇ ಸಿ2ಕ್ಕೆ ಕೊಂಡಿ, ಬಿ3ಕ್ಕೆ ಯಾವುದೂ ಇಲ್ಲ. 1. ರಾಜ ಎ1, ಕುದುರೆ ಇ3. 2. ಕಾಲಾಳು ಎ2, ಕುದುರೆ ಸಿ2 ಮೇಟ್.

ಈಗ ಕುದುರೆಯನ್ನು ಜಿ4ರ ಬದಲು ಇ3ರಲ್ಲೇ ಇಡಿ. ಕುದುರೆ ಗುರಿಗೆ ಹತ್ತಿರ ಬಂತು, ಕೆಲಸ ಸುಲಭ ಆಗಬೇಕಿತ್ತು. ಆದರೆ ಉತ್ತರವೇ ಇಲ್ಲ! ಬಿಳಿ ಎರಡು ನಡೆ ಆಡಲೇಬೇಕು. ಇ3 ಕಪ್ಪು ಬಣ್ಣದ ಮನೆ, ಸಿ2 ಮತ್ತು ಬಿ3 ಬಿಳಿ ಬಣ್ಣದವು. ಕುದುರೆ ಪ್ರತಿ ನಡೆಗೂ ಬಣ್ಣ ಬದಲಿಸುತ್ತದೆ, ಆದ್ದರಿಂದ ಎರಡು ನಡೆಯಲ್ಲಿ ಅಲ್ಲಿಗೆ ತಲುಪುವುದು ಅಸಾಧ್ಯ. ಒಂದು ನಡೆಯನ್ನು ರಾಜನಿಂದ ಕಳೆಯೋಣ ಎಂದರೆ ಬಿ1, ಬಿ2 ಎರಡನ್ನೂ ಕಾಯುತ್ತಾ ಅವನು ಸರಿಯಬಹುದಾದ ಮನೆ ಸಿ2 ಒಂದೇ, ಅಲ್ಲಿ ನಿಂತರೆ ಕುದುರೆಗೆ ಜಾಗವಿಲ್ಲ. ಒಂಟೆ, ಆನೆ, ರಾಣಿ ತಮ್ಮ ಸಾಲಿನ ಮೇಲೆ ಮೂರು ನಡೆಯಲ್ಲಿ ಸುತ್ತಿ ಹೊರಟ ಮನೆಗೇ ಮರಳಿ ಒಂದು ನಡೆ ಕಳೆಯಬಲ್ಲವು. ಕುದುರೆಗೆ ಆ ಭಾಗ್ಯ ಇಲ್ಲ, ಹೊರಟ ಮನೆಗೆ ಅದು ಬರುವುದು ಯಾವಾಗಲೂ ಸಮಸಂಖ್ಯೆಯ ನಡೆಯಲ್ಲಿ. ಹೆಲ್ಪ್‌ಮೇಟ್‌ನಲ್ಲಿ ಕುದುರೆ ಇದ್ದರೆ ಮೊದಲು ಬಣ್ಣ ನೋಡಿ, ನಡೆ ಎಣಿಸಿ. ಅರ್ಧ ಚಿತ್ರಗಳು ಅಲ್ಲೇ ಬಿದ್ದುಹೋಗುತ್ತವೆ. (ಹಲಗೆಯ ಅರವತ್ನಾಲ್ಕು ಮನೆಗಳನ್ನೂ ಕುದುರೆಯಿಂದ ಒಂದೊಂದು ಸಲ ಮುಟ್ಟಿಸುವ ಬಂಧಗಳನ್ನು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ರಚಿಸಿದ್ದರಲ್ಲ, ಅವುಗಳ ಬೆನ್ನೆಲುಬೂ ಇದೇ ಬಣ್ಣದ ಲೆಕ್ಕ.)

ದೊಡ್ಡ ಹೆಲ್ಪ್‌ಮೇಟ್‌ಗಳಲ್ಲಿ ‘2 ಉತ್ತರ’ ಅಥವಾ ‘2.1.1.1’ ಎಂದು ಕೊಟ್ಟಿರುತ್ತಾರೆ. ಎರಡನೆಯದರ ಅರ್ಥ, ಕಪ್ಪಿನ ಮೊದಲ ನಡೆಗೆ ಎರಡು ಆಯ್ಕೆ, ಆಮೇಲೆ ಎಲ್ಲಕ್ಕೂ ಒಂದೊಂದೇ. ಇದು ನಿಮ್ಮ ಕೈಗೆ ಸಿಕ್ಕ ದೊಡ್ಡ ಸುಳಿವು. ಒಳ್ಳೆಯ ರಚನಕಾರ ಎರಡು ಉತ್ತರಗಳನ್ನು ಜೋಡಿಯಾಗಿ ಕಟ್ಟಿರುತ್ತಾನೆ: ಒಂದರಲ್ಲಿ ಆನೆ ದಾರಿ ಬಿಟ್ಟು ಒಂಟೆ ಮೇಟ್ ಕೊಟ್ಟರೆ ಇನ್ನೊಂದರಲ್ಲಿ ಒಂಟೆ ದಾರಿ ಬಿಟ್ಟು ಆನೆ ಮೇಟ್ ಕೊಡುತ್ತದೆ. ಒಂದು ಉತ್ತರ ಸಿಕ್ಕಿದರೆ ಅದರಲ್ಲಿ ಪ್ರತಿ ಕಾಯಿ ಏನು ಕೆಲಸ ಮಾಡಿತು ಎಂದು ಒಂದು ಸಾಲು ಬರೆಯಿರಿ, ಆಮೇಲೆ ಕೆಲಸಗಳನ್ನು ಅದಲುಬದಲು ಮಾಡಿ ನೋಡಿ. ಸಿಕ್ಕ ಎರಡನೆಯ ಉತ್ತರ ಮೊದಲನೆಯದಕ್ಕೆ ಯಾವ ಸಂಬಂಧವೂ ಇಲ್ಲದಂತಿದ್ದರೆ ಅನುಮಾನಪಡಿ.

ಚಿತ್ರ ಸಿಗದೆ ಕುಳಿತಾಗ ಕೇಳಿಕೊಳ್ಳಬೇಕಾದ್ದು: ಯಾವುದಕ್ಕೂ ಬೇಡದಂತೆ ಕಾಣುವ ಕಾಯಿ ಯಾವುದು? ಸಮಸ್ಯೆಯಲ್ಲಿ ಸುಮ್ಮನೆ ಕೂತ ಕಾಯಿ ಇರುವುದಿಲ್ಲ. ದೂರದ ಮೂಲೆಯಲ್ಲಿ ಒಂದು ಕಪ್ಪು ಕಾಲಾಳು ಇದ್ದರೆ, ಅದು ಯಾವುದೋ ಬೇಡದ ಉತ್ತರವನ್ನು ತಡೆಯಲು ಇರುತ್ತದೆ, ಇಲ್ಲವೇ ಕುದುರೆಯೋ ಒಂಟೆಯೋ ಆಗಿ ಬಡ್ತಿ ಪಡೆದು ಒಂದು ಮನೆ ಮುಚ್ಚಲು ಇರುತ್ತದೆ. ರಾಣಿಯೇ ಆಗಬೇಕು ಎಂಬ ಆಟದ ಅಭ್ಯಾಸ ಇಲ್ಲಿ ಶತ್ರು.

ಸೆಲ್ಫ್‌ಮೇಟ್: ಗೆಲ್ಲುವ ಕೈಯನ್ನು ಕಟ್ಟಿಹಾಕುವುದು

ಇಲ್ಲಿ ಬಿಳಿ ಮೊದಲು ಆಡಿ, ತನಗೇ ಮೇಟ್ ಕೊಡುವಂತೆ ಕಪ್ಪನ್ನು ಬಲವಂತ ಮಾಡುತ್ತದೆ. ಕಪ್ಪಿಗೆ ಅದು ಬೇಡ, ತಪ್ಪಿಸಿಕೊಳ್ಳಲು ಎಲ್ಲ ಪ್ರಯತ್ನ ಮಾಡುತ್ತದೆ. ಹೆಲ್ಪ್‌ಮೇಟ್‌ನಂತೆ ಸಹಕಾರ ಇಲ್ಲ, ಹಾಗಾಗಿ ಕವಲುಗಳನ್ನು ಪೂರ್ತಿ ನೋಡಲೇಬೇಕು.

ಬಿಳಿ: ರಾಜ ಎಚ್1, ರಾಣಿ ಎಫ್8, ಆನೆಗಳು ಬಿ1 ಮತ್ತು ಜಿ1, ಕುದುರೆ ಸಿ7, ಕಾಲಾಳುಗಳು ಜಿ2 ಮತ್ತು ಎಚ್2. ಕಪ್ಪು: ರಾಜ ಎ7, ಕುದುರೆ ಎಚ್3. ಸೆಲ್ಫ್‌ಮೇಟ್ 1.

ಮಾಮೂಲಿ ಕಣ್ಣಿಗೆ ಮೊದಲು ಕಾಣುವುದು ರಾಣಿ ಬಿ8, ಕಪ್ಪಿಗೆ ಅಲ್ಲೇ ಮೇಟ್. ಇಲ್ಲಿ ಅದು ಸೋಲು, ಕಪ್ಪು ಸತ್ತರೆ ಬಿಳಿಗೆ ಮೇಟ್ ಕೊಡುವವರು ಯಾರು? ಕೇಳಬೇಕಾದ ಮೊದಲ ಪ್ರಶ್ನೆ: ಕಪ್ಪು ಎಲ್ಲಿಂದ ಮೇಟ್ ಕೊಡಬಲ್ಲದು? ಬಿಳಿ ರಾಜ ತನ್ನದೇ ಆನೆ, ಕಾಲಾಳುಗಳ ನಡುವೆ ಉಸಿರುಗಟ್ಟಿ ಕೂತಿದ್ದಾನೆ. ಕುದುರೆ ಎಫ್2ಕ್ಕೆ ಬಂದು, ಅದನ್ನು ಎಫ್8ರ ರಾಣಿ ಹೊಡೆಯುವಂತಿಲ್ಲದಿದ್ದರೆ ಮೇಟ್. ಎರಡನೆಯ ಪ್ರಶ್ನೆ: ಅದನ್ನೇ ಆಡುವಂತೆ ಹೇಗೆ ಮಾಡುವುದು? ಎಚ್3ರ ಕುದುರೆಗೆ ನಾಲ್ಕು ನಡೆಗಳಿವೆ: ಎಫ್2, ಎಫ್4, ಜಿ5, ಜಿ1ರ ಆನೆಯನ್ನು ಹೊಡೆಯುವುದು. ಉಳಿದ ಮೂರನ್ನು ಕಿತ್ತುಕೊಳ್ಳಲು ಸುಲಭ ದಾರಿ ಚೆಕ್ ಕೊಡುವುದು, ಆ ಚೆಕ್‌ಗೆ ಎಫ್2 ಒಂದೇ ಮದ್ದಾಗಬೇಕು. ಎಫ್2ರಿಂದ ಎ7ಕ್ಕೆ ಓರೆಸಾಲು ತೆರೆದಿದೆ. 1. ರಾಣಿ ಎಫ್2 ಚೆಕ್! ರಾಜನಿಗೆ ಎ8, ಎ6 ಎರಡನ್ನು ಸಿ7ರ ಕುದುರೆ ಕಾಯುತ್ತದೆ, ಬಿ6, ಬಿ7, ಬಿ8ನ್ನು ಬಿ1ರ ಆನೆ. ನಡುವೆ ಅಡ್ಡ ಬರಲು ಕುದುರೆಗೆ ಮನೆ ಇಲ್ಲ. ರಾಣಿಯನ್ನು ಹೊಡೆಯಲೇಬೇಕು, ಹೊಡೆದರೆ ಮೇಟ್.

ದೊಡ್ಡ ಸೆಲ್ಫ್‌ಮೇಟ್‌ಗಳಲ್ಲಿ ಎರಡನೆಯ ಪ್ರಶ್ನೆಗೆ ಇನ್ನೊಂದು ಉತ್ತರವೂ ಬರುತ್ತದೆ: ಚೆಕ್ ಕೊಡದೆ, ಕಪ್ಪಿಗೆ ಬೇರೆ ನಡೆಯೇ ಉಳಿಯದಂತೆ ಕಾಯುವ ನಡೆ. ಕಪ್ಪಿನ ಎಲ್ಲ ಕಾನೂನುಬದ್ಧ ನಡೆಗಳನ್ನೂ ಪಟ್ಟಿ ಮಾಡಿ. ಐದಾರಕ್ಕಿಂತ ಕಡಿಮೆ ಇದ್ದರೆ ಕಾಯುವ ನಡೆಯನ್ನೂ, ಅದಕ್ಕಿಂತ ಬಹಳ ಹೆಚ್ಚಿದ್ದರೆ ಚೆಕ್ಕುಗಳ ಸರಣಿಯನ್ನೂ ಮೊದಲು ಹುಡುಕುವುದು ಒಳ್ಳೆಯದು. ಇದು ನಿಯಮವಲ್ಲ, ಸಮಯ ಉಳಿಸುವ ಅಂದಾಜು. ತಪ್ಪುವುದು ಹೆಚ್ಚಾಗಿ ಒಂದೇ ಕಡೆ: ಕಪ್ಪು ‘ಮೇಟ್’ ಕೊಟ್ಟಿತು ಎಂದು ಬರೆದುಕೊಂಡ ಮೇಲೆ, ಆ ಮೇಟ್ ಕೊಟ್ಟ ಕಾಯಿಯನ್ನು ಹೊಡೆಯುವ ಬಿಳಿ ಕಾಯಿ ಒಂದು ಮೂಲೆಯಲ್ಲಿ ಇರುತ್ತದೆ. ನಮ್ಮ ಉದಾಹರಣೆಯಲ್ಲಿ ಆನೆ ಬಿ1ರ ಬದಲು ಬಿ2ರಲ್ಲಿದ್ದಿದ್ದರೆ ಅಡ್ಡಸಾಲಿನಲ್ಲಿ ಬಂದು ಎಫ್2ರ ಕುದುರೆಯನ್ನು ಹೊಡೆಯುತ್ತಿತ್ತು, ಕಥೆ ಮುಗಿಯುತ್ತಿತ್ತು.

ಹೊಸ ಕಾಯಿ, ಹೊಸ ನಿಯಮ: ಚೆಕ್ ಹುಟ್ಟುವುದು, ಸಾಯುವುದು

ಇಲ್ಲಿಯವರೆಗೆ ಗುರಿ ಮಾತ್ರ ಬದಲಾಗಿತ್ತು, ಕಾಯಿಗಳು ಮಾಮೂಲಿಯವೇ. ಕಾಯಿಗಳೇ ಬದಲಾದಾಗ ನಿಯಮವನ್ನು ಓದಿ ಮುಗಿಸಿದ ಕೂಡಲೇ ಹಲಗೆಗೆ ಕೈ ಹಾಕಬೇಡಿ. ಕಾಗದದ ಮೇಲೆ ಮೂರು ಸಾಲು ಬರೆಯಿರಿ: ಈ ನಿಯಮದಲ್ಲಿ ಚೆಕ್ ಹೇಗೆ ಹುಟ್ಟುತ್ತದೆ? ಹುಟ್ಟಿದ ಚೆಕ್ಕನ್ನು ಅಳಿಸಲು ಮಾಮೂಲಿ ಮೂರು ದಾರಿಗಳಾದ ಓಡುವುದು, ಹೊಡೆಯುವುದು, ಅಡ್ಡ ಬರುವುದು, ಇವುಗಳಲ್ಲಿ ಯಾವುದು ಸತ್ತಿದೆ, ಹೊಸದು ಯಾವುದು ಸೇರಿದೆ? ಹೊಡೆತ ತಿಂದ ಕಾಯಿಗೆ ಏನಾಗುತ್ತದೆ? ಸಮಸ್ಯೆಯ ಬೀಗದ ಕೈ ಬಹುಪಾಲು ಎರಡನೆಯ ಸಾಲಿನಲ್ಲಿ ಸಿಗುತ್ತದೆ.

ಗ್ರಾಸ್‌ಹಾಪರ್ ಅಂದರೆ ಮಿಡತೆ. ಇಂಗ್ಲೆಂಡಿನ ಥಾಮಸ್ ರೇನರ್ ಡಾಸನ್ 1913ರಲ್ಲಿ ಇದನ್ನು ಸೃಷ್ಟಿಸಿದ. ಚಿತ್ರಗಳಲ್ಲಿ ಇದನ್ನು ತಲೆಕೆಳಗಾದ ರಾಣಿಯಾಗಿ ಅಚ್ಚು ಹಾಕುತ್ತಾರೆ. ಹಲಗೆಯ ಮೇಲೆ ರಾಣಿ ತಲೆಕೆಳಗೆ ನಿಲ್ಲದು, ಬಾಟಲಿಯ ಮುಚ್ಚಳ ಸಾಕು. ನಡೆ ಹೀಗೆ: ರಾಣಿಯ ಎಂಟು ದಿಕ್ಕುಗಳಲ್ಲಿ ಎಲ್ಲಿಯಾದರೂ ಹೋಗಿ, ಮೊದಲು ಎದುರಾದ ಕಾಯಿಯನ್ನು, ಯಾರದ್ದಾದರೂ ಸರಿ, ಹಾರಿ ಅದರ ಬೆನ್ನಿಗೇ ಇರುವ ಮನೆಯಲ್ಲಿ ಇಳಿಯಬೇಕು. ಆ ಮನೆಯಲ್ಲಿ ಎದುರಾಳಿ ಇದ್ದರೆ ಹೊಡೆಯಬಹುದು. ಹಾರಲು ಕಾಯಿ ಇಲ್ಲದ ದಿಕ್ಕಿನಲ್ಲಿ ನಡೆಯೇ ಇಲ್ಲ.

ಬಿಳಿ: ರಾಜ ಎಫ್7, ಮಿಡತೆ ಸಿ1, ಕುದುರೆ ಜಿ1, ಕಾಲಾಳು ಜಿ5. ಕಪ್ಪು: ರಾಜ ಎಚ್8, ಕಾಲಾಳು ಎಚ್7. ಬಿಳಿ ಆಡಿ ಒಂದೇ ನಡೆಯಲ್ಲಿ ಮೇಟ್.

ಮಿಡತೆಗೆ ಎರಡೇ ನಡೆ: ಜಿ1ರ ಕುದುರೆಯನ್ನು ಹಾರಿ ಎಚ್1, ಜಿ5ರ ಕಾಲಾಳನ್ನು ಹಾರಿ ಎಚ್6. ಎರಡರಲ್ಲೂ ಉದ್ದಸಾಲಿನಲ್ಲಿ ಮೇಲಕ್ಕೆ ನೋಡಿದರೆ ಮೊದಲು ಸಿಗುವುದು ಎಚ್7ರ ಕಾಲಾಳು, ಅದರ ಬೆನ್ನಿಗೆ ಎಚ್8ರ ರಾಜ. ಎರಡೂ ಚೆಕ್. ಜಿ7, ಜಿ8ನ್ನು ಬಿಳಿ ರಾಜ ಕಾಯುತ್ತಾನೆ. ಎಚ್1ರಿಂದ ಬಂದ ಚೆಕ್‌ಗೆ ಕಪ್ಪು ಕಾಲಾಳನ್ನು ಎಚ್6ಕ್ಕೋ ಎಚ್5ಕ್ಕೋ ದೂಡುತ್ತದೆ. ಈಗ ಮಿಡತೆ ಹಾರಿ ಇಳಿಯುವ ಮನೆ ಎಚ್7 ಅಥವಾ ಎಚ್6, ರಾಜನಿಗೆ ಚೆಕ್ಕೇ ಇಲ್ಲ. ಹಾರುವ ಮೆಟ್ಟಿಲನ್ನೇ ಸರಿಸಿಬಿಡುವುದು, ಇದೇ ಇಲ್ಲಿ ಹೊಸದಾಗಿ ಸೇರಿದ ದಾರಿ. ಮಿಡತೆ ಎಚ್6ಕ್ಕೆ ಬಂದರೆ ಕಾಲಾಳು ಮುಂದೆ ಸರಿಯಲು ಜಾಗ ಇಲ್ಲ. ಚೆಕ್ ಕೊಟ್ಟ ಮಿಡತೆಯೇ ಮೆಟ್ಟಿಲನ್ನು ಕದಲದಂತೆ ಒತ್ತಿ ಹಿಡಿದಿದೆ. ಉತ್ತರ ಮಿಡತೆ ಎಚ್6.

ಮಿಡತೆಯ ಸಮಸ್ಯೆಗಳಲ್ಲಿ ಇನ್ನೆರಡು ಹಳ್ಳಗಳಿವೆ. ಡಿ1ರಲ್ಲಿ ಬಿಳಿ ಮಿಡತೆ, ಡಿ5ರಲ್ಲಿ ಕಪ್ಪು ರಾಜ, ನಡುವೆ ಖಾಲಿ ಎಂದುಕೊಳ್ಳಿ. ರಾಜನನ್ನೇ ಹಾರಿ ಇಳಿಯುವ ಡಿ6 ಕಾವಲಿನಲ್ಲಿದೆ ಎಂದು ಕಣ್ಣು ಹೇಳುತ್ತದೆ. ಸುಳ್ಳು. ರಾಜ ಡಿ6ಕ್ಕೆ ಹೋದೊಡನೆ ಡಿ5ರಲ್ಲಿ ಮೆಟ್ಟಿಲೇ ಇಲ್ಲ, ಅವನು ಕ್ಷೇಮ. ಎರಡನೆಯದು ಇದಕ್ಕೆ ತಿರುಗುಮುರುಗು: ಡಿ4ಕ್ಕೆ ಯಾವುದೇ ಕಾಯಿ ಬಂದರೆ ಚೆಕ್ ಹುಟ್ಟುತ್ತದೆ. ಅಡ್ಡ ಬಂದರೆ ಚೆಕ್ ತಪ್ಪುತ್ತದೆ ಎಂದು ಕಲಿತ ಕೈಗೆ ಇದು ಒಗ್ಗಲು ಕೆಲವು ವಾರ ಬೇಕು. ಕಪ್ಪಿನ ಕಾಯಿಗಳು ಡಿ4ಕ್ಕೆ ಬರುವಂತೆಯೇ ಇಲ್ಲ ಎಂಬುದನ್ನೂ ಮರೆಯಬೇಡಿ, ತನ್ನ ರಾಜನಿಗೆ ತಾನೇ ಚೆಕ್ ತಂದಂತಾಗುತ್ತದೆ.

ಡಾಸನ್‌ನ ಇನ್ನೊಂದು ಕಾಯಿ ನೈಟ್‌ರೈಡರ್, 1925ರದ್ದು, ಚಿತ್ರದಲ್ಲಿ ತಲೆಕೆಳಗಾದ ಕುದುರೆ. ಕುದುರೆಯ ಜಿಗಿತವನ್ನು ಒಂದೇ ದಿಕ್ಕಿನಲ್ಲಿ ಎಷ್ಟು ಸಲವಾದರೂ ಮುಂದುವರಿಸಬಹುದು: ಎ1ರಿಂದ ಬಿ3, ಸಿ5, ಡಿ7, ಅಥವಾ ಸಿ2, ಇ3, ಜಿ4. ಇಳಿಯುವ ಮನೆಯಲ್ಲಿ ಕಾಯಿ ಇದ್ದರೆ ಅಲ್ಲಿಗೇ ನಿಲ್ಲಬೇಕು. ಹಾಗಾಗಿ ಕುದುರೆಯ ಚೆಕ್‌ಗೆ ಅಡ್ಡ ಬರಲಾಗದು ಎಂಬ ಪಾಠ ಇಲ್ಲಿ ನಡೆಯುವುದಿಲ್ಲ.

ಸರ್ಸಿ: ಹೊಡೆತ ತಿಂದವನು ಮರಳಿ ಹುಟ್ಟುತ್ತಾನೆ

ಫ್ರಾನ್ಸಿನಲ್ಲಿ 1968ರಲ್ಲಿ ಮೊನ್ರೆಯಾಲ್ ಮತ್ತು ಬ್ವಾಯೆ ಪ್ರಕಟಿಸಿದ ನಿಯಮ. ಹೊಡೆತ ತಿಂದ ಕಾಯಿ ಹಲಗೆಯಿಂದ ಹೊರಹೋಗುವುದಿಲ್ಲ, ಆಟದ ಆರಂಭದ ತನ್ನ ಮನೆಯಲ್ಲಿ ಮರಳಿ ಹುಟ್ಟುತ್ತದೆ. ಆ ಮನೆ ಖಾಲಿ ಇಲ್ಲದಿದ್ದರೆ ಮಾತ್ರ ಹೊರಗೆ. ರಾಣಿಗೆ ಡಿ1, ಡಿ8. ಕಾಲಾಳು ಹೊಡೆತ ತಿಂದ ಉದ್ದಸಾಲಿನಲ್ಲೇ ಎರಡನೆಯ ಅಥವಾ ಏಳನೆಯ ಅಡ್ಡಸಾಲಿಗೆ. ಆನೆ, ಕುದುರೆ, ಒಂಟೆಗಳಿಗೆ ಹೊಡೆತ ತಿಂದ ಮನೆಯ ಬಣ್ಣ ಯಾವುದೋ ಅದೇ ಬಣ್ಣದ ಆರಂಭದ ಮನೆ. ಬಿಳಿ ಆನೆ ಕಪ್ಪು ಬಣ್ಣದ ಮನೆಯಲ್ಲಿ ಸತ್ತರೆ ಎ1, ಬಿಳಿ ಬಣ್ಣದಲ್ಲಿ ಎಚ್1. ಕಪ್ಪು ಆನೆಗೆ ಇದು ತಿರುಗುತ್ತದೆ, ಕಪ್ಪು ಬಣ್ಣಕ್ಕೆ ಎಚ್8, ಬಿಳಿ ಬಣ್ಣಕ್ಕೆ ಎ8. ಬಿಳಿ ಕುದುರೆಗೆ ಕಪ್ಪು ಬಣ್ಣದಲ್ಲಿ ಜಿ1, ಬಿಳಿ ಬಣ್ಣದಲ್ಲಿ ಬಿ1. ಕಪ್ಪು ಕುದುರೆಗೆ ಕಪ್ಪು ಬಣ್ಣದಲ್ಲಿ ಬಿ8, ಬಿಳಿ ಬಣ್ಣದಲ್ಲಿ ಜಿ8. ಇದನ್ನು ಬಾಯಿಪಾಠ ಮಾಡುವ ಬದಲು ಚೀಟಿಯಲ್ಲಿ ಬರೆದು ಹಲಗೆಯ ಪಕ್ಕ ಇಡಿ.

ನಿಯಮದ ರುಚಿ ಹತ್ತಲು ಒಂದು ಚಿಕ್ಕದು: ಬಿಳಿ ರಾಜ ಎ1, ರಾಣಿ ಎಚ್3, ಕಪ್ಪು ರಾಜ ಡಿ8. ಮಾಮೂಲಿ ಚೆಸ್‌ನಲ್ಲಿ ಬಿಳಿ ರಾಜ ಇಷ್ಟು ದೂರ ಇರುವಾಗ ಮೇಟ್ ಕನಸಿನ ಮಾತು. ಸರ್ಸಿಯಲ್ಲಿ ಒಂದೇ ನಡೆ, ರಾಣಿ ಡಿ7. ಸಿ8, ಸಿ7, ಇ8, ಇ7 ನಾಲ್ಕನ್ನೂ ರಾಣಿಯೇ ಕಾಯುತ್ತಾಳೆ. ಅವಳಿಗೆ ಯಾರ ಬೆಂಬಲವೂ ಇಲ್ಲ, ಆದರೂ ರಾಜ ಹೊಡೆಯುವಂತಿಲ್ಲ. ಹೊಡೆದರೆ ರಾಣಿ ಡಿ1ರಲ್ಲಿ ಹುಟ್ಟಿ ಉದ್ದಸಾಲಿನಲ್ಲಿ ಡಿ7ರ ರಾಜನಿಗೆ ಚೆಕ್ ಕೊಟ್ಟೇ ಇರುತ್ತಾಳೆ. ಬಿಳಿ ರಾಜನನ್ನು ಎ1ರಿಂದ ಡಿ1ಕ್ಕೆ ಇಡಿ, ಮೇಟ್ ಮಾಯ: ಹುಟ್ಟುವ ಮನೆ ತುಂಬಿದೆ. ಡಿ4ಕ್ಕೆ ಇಟ್ಟರೂ ಮಾಯ: ರಾಣಿ ಹುಟ್ಟುತ್ತಾಳೆ, ಆದರೆ ಸಾಲಿಗೆ ತನ್ನ ರಾಜನೇ ಅಡ್ಡ. ಸರ್ಸಿ ಸಮಸ್ಯೆ ನೋಡುವಾಗ ಮೊದಲ ಮತ್ತು ಎಂಟನೆಯ ಅಡ್ಡಸಾಲುಗಳಲ್ಲಿ ಯಾವ ಮನೆ ಖಾಲಿ, ಯಾವುದು ತುಂಬಿದೆ ಎಂದು ಮೊದಲು ಗುರುತು ಹಾಕಿಕೊಳ್ಳಿ ಎನ್ನುವುದು ಇದಕ್ಕೇ. ಯಾವ ಕಾರಣವೂ ಇಲ್ಲದಂತೆ ಸಿ8ರಲ್ಲೋ ಜಿ1ರಲ್ಲೋ ಕೂತ ಕಾಯಿ ಒಂದು ಹುಟ್ಟನ್ನು ತಡೆಯುತ್ತಿರುತ್ತದೆ.

ಮದ್ರಾಸಿ, ಮ್ಯಾಕ್ಸಿಮಮರ್

ಮದ್ರಾಸಿ ನಮ್ಮವರದ್ದೇ. ಅಬ್ದುಲ್ ಜಬ್ಬಾರ್ ಕರ್ವಾತ್ಕರ್ 1979ರಲ್ಲಿ ಕೊಟ್ಟ ನಿಯಮ, ಹೆಸರು ಮದ್ರಾಸಿನದು. ಒಂದೇ ಜಾತಿಯ ಎರಡು ಎದುರಾಳಿ ಕಾಯಿಗಳು ಒಂದನ್ನೊಂದು ಹೊಡೆಯುವ ಹಾಗೆ ನಿಂತರೆ ಎರಡಕ್ಕೂ ಲಕ್ವ ಹೊಡೆಯುತ್ತದೆ: ನಡೆಯುವಂತಿಲ್ಲ, ಹೊಡೆಯುವಂತಿಲ್ಲ, ಚೆಕ್ ಕೊಡುವಂತಿಲ್ಲ. ಪ್ರತ್ಯೇಕವಾಗಿ ಹೇಳದಿದ್ದರೆ ರಾಜರಿಗೆ ಇದು ಅನ್ವಯಿಸದು. ಎಚ್1ರ ಬಿಳಿ ಆನೆ ಎಚ್8ರ ರಾಜನಿಗೆ ಚೆಕ್ ಕೊಟ್ಟಿದೆ, ಕಪ್ಪು ಆನೆ ಎ2ರಲ್ಲಿದೆ. ಕಪ್ಪು ಆನೆ ಎ1ಕ್ಕೆ ಬಂದರೆ ಮೊದಲ ಅಡ್ಡಸಾಲಿನಲ್ಲಿ ಎರಡೂ ಆನೆ ಮುಖಾಮುಖಿ, ಬಿಳಿ ಆನೆಗೆ ಲಕ್ವ, ಚೆಕ್ ಇಲ್ಲ. ಅದಕ್ಕೆ ಬಿಳಿ ಆ ಅಡ್ಡಸಾಲಿನ ನಡುವೆ ಯಾವುದಾದರೂ ಕಾಯಿ ತಂದಿಟ್ಟರೆ ಲಕ್ವ ಬಿಟ್ಟು ಚೆಕ್ ಮರಳುತ್ತದೆ. ಕಾಲಾಳುಗಳ ವಿಷಯದಲ್ಲಿ ಎಚ್ಚರ: ಎದುರುಬದುರು ತಲೆ ತಾಗಿಸಿ ನಿಂತವುಗಳಿಗೆ ಲಕ್ವ ಇಲ್ಲ, ಓರೆಯಲ್ಲಿ ಒಂದನ್ನೊಂದು ಹೊಡೆಯುವಂತಿದ್ದರೆ ಮಾತ್ರ.

ಮ್ಯಾಕ್ಸಿಮಮರ್ ಕೂಡ ಡಾಸನ್‌ನದು. ಕಪ್ಪು ತನ್ನ ಕಾನೂನುಬದ್ಧ ನಡೆಗಳಲ್ಲಿ ಅಳತೆಗೆ ಅತಿ ಉದ್ದವಾದುದನ್ನೇ ಆಡಬೇಕು, ಹೆಚ್ಚಾಗಿ ಸೆಲ್ಫ್‌ಮೇಟ್ ಜೊತೆ ಬರುತ್ತದೆ. ಮನೆಯ ಮಧ್ಯದಿಂದ ಮನೆಯ ಮಧ್ಯಕ್ಕೆ ಅಳೆಯಬೇಕು. ಓರೆಯಲ್ಲಿ ಒಂದು ಮನೆ 1.41, ಕುದುರೆಯ ಜಿಗಿತ 2.24, ಓರೆ ಎರಡು 2.83, ಮೂರು 4.24, ನಾಲ್ಕು 5.66. ಓರೆಯಲ್ಲಿ ಐದು ಮನೆ 7.07, ಹಾಗಾಗಿ ಹಲಗೆಯ ಈ ತುದಿಯಿಂದ ಆ ತುದಿಗೆ ಓಡುವ ಆನೆಯ 7ಕ್ಕಿಂತ ಅದು ಕೂದಲೆಳೆಯಷ್ಟು ಉದ್ದ. ರಚನಕಾರರು ಈ ಕೂದಲೆಳೆಯ ಮೇಲೆಯೇ ಸಮಸ್ಯೆ ಕಟ್ಟುತ್ತಾರೆ. ಎರಡು ನಡೆ ಸಮ ಉದ್ದ ಬಂದರೆ ಕಪ್ಪಿಗೆ ಆಯ್ಕೆ ಇದೆ, ಎರಡನ್ನೂ ನೋಡಬೇಕು.

ಕ್ಯಾಸ್ಲಿಂಗ್ (ರಾಜ, ಆನೆ ಒಂದೇ ನಡೆಯಲ್ಲಿ ಒಟ್ಟಿಗೆ ಸರಿಯುವುದು) ಮತ್ತು ಆನ್ ಪಾಸಾನ್‌ಗೆ (ಎರಡು ಮನೆ ಮುಂದೆ ಬಂದ ಕಾಲಾಳನ್ನು ಪಕ್ಕದ ಎದುರಾಳಿ ಕಾಲಾಳು ಹೊಡೆಯುವುದು) ಸಮಸ್ಯಾಲೋಕದ ರೂಢಿ ಒಂದೇ ಸಾಲಿನದು, ಆದರೆ ಎರಡಕ್ಕೂ ಬೇರೆಬೇರೆ. ರಾಜ ಅಥವಾ ಆನೆ ಹಿಂದೆ ಕದಲಿತ್ತು ಎಂದು ಸಾಬೀತು ಮಾಡಲಾಗದಿದ್ದರೆ ಕ್ಯಾಸ್ಲಿಂಗ್ ಮಾಡಬಹುದು. ಹಿಂದಿನ ನಡೆ ಆ ಕಾಲಾಳಿನ ಎರಡು ಮನೆಯ ನಡೆಯೇ ಆಗಿತ್ತು ಎಂದು ಸಾಬೀತು ಮಾಡಿದರೆ ಮಾತ್ರ ಆನ್ ಪಾಸಾನ್.

ಕಂಪ್ಯೂಟರ್ ಪರೀಕ್ಷೆ

ಮೊಬೈಲಿನ ಆ್ಯಪ್‌ಗಳ ಎಂಜಿನ್ ಗೆಲ್ಲಲು ಹುಟ್ಟಿದ್ದು, ಹೆಲ್ಪ್‌ಮೇಟ್ ಅದಕ್ಕೆ ಅರ್ಥವಾಗದು. ಬೇಕಾದ್ದು ಪೊಪೈ ಎಂಬ ಉಚಿತ ತಂತ್ರಾಂಶ. ಹೆಲ್ಪ್‌ಮೇಟ್, ಸೆಲ್ಫ್‌ಮೇಟ್, ಸೀರೀಸ್, ಸರ್ಸಿ, ಮದ್ರಾಸಿ, ಮಿಡತೆ ಎಲ್ಲ ಅದಕ್ಕೆ ಗೊತ್ತು. ಕಾಯಿಗಳ ಸ್ಥಾನ, ಗುರಿ, ಷರತ್ತು, ಈ ಮೂರನ್ನು ಅಕ್ಷರಗಳಲ್ಲಿ ಬರೆದು ಕೊಡಬೇಕು. ಎಲ್ಲರೂ ಒಮ್ಮೆಯಾದರೂ ಬೀಳುವ ಗುಂಡಿ ಒಂದಿದೆ: ಅದರ ಇಂಗ್ಲಿಷ್ ಬರಹದಲ್ಲಿ ಕುದುರೆಗೆ ‘ಎಸ್’ ಅಕ್ಷರ, ‘ಎನ್’ ಎಂದರೆ ನೈಟ್‌ರೈಡರ್. ಆಟದ ಅಭ್ಯಾಸದಲ್ಲಿ ಕುದುರೆಗೆ ‘ಎನ್’ ಹೊಡೆದರೆ ಪೊಪೈ ನಿಮ್ಮ ಸಮಸ್ಯೆಗೆ ಹತ್ತಾರು ಉತ್ತರ ಉದುರಿಸುತ್ತದೆ, ಇಲ್ಲವೇ ಉತ್ತರವೇ ಇಲ್ಲ ಎನ್ನುತ್ತದೆ, ನೀವು ರಚನಕಾರನನ್ನು ಬೈಯುತ್ತೀರಿ. ಉತ್ತರ ಬಂದ ಕೂಡಲೇ, ಅದು ಮರಳಿ ಬರೆಯುವ ಹಲಗೆಯ ಚಿತ್ರವನ್ನು ಮೂಲದೊಂದಿಗೆ ಹೋಲಿಸಿ. ಅಚ್ಚಾದ ಸಮಸ್ಯೆಯ ಪಕ್ಕ ‘ಸಿ+’ ಎಂದಿದ್ದರೆ ಅದನ್ನು ಈಗಾಗಲೇ ಕಂಪ್ಯೂಟರಿನಲ್ಲಿ ಪರೀಕ್ಷಿಸಲಾಗಿದೆ, ನಿಮಗೆ ಎರಡನೆಯ ಉತ್ತರ ಸಿಕ್ಕಿದ್ದರೆ ನಿಮ್ಮ ಉತ್ತರದಲ್ಲೇ ತೂತು ಹುಡುಕಿ.

ಅಭ್ಯಾಸದ ಕ್ರಮಕ್ಕೆ ನನ್ನ ಸಲಹೆ: ಹೆಲ್ಪ್‌ಮೇಟ್ 2ರಿಂದ ಶುರು ಮಾಡಿ, ಅದೂ ಒಟ್ಟು ಏಳು ಕಾಯಿ ಮೀರದವು. ಒಂದಕ್ಕೆ ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ. ಜಾಗತಿಕ ಬಿಡಿಸುವ ಚಾಂಪಿಯನ್‌ಷಿಪ್‌ನ ಆರು ಸುತ್ತುಗಳಲ್ಲಿ ಹೆಲ್ಪ್‌ಮೇಟ್‌ಗೆ ಒಂದು, ಸೆಲ್ಫ್‌ಮೇಟ್‌ಗೆ ಒಂದು ಸುತ್ತು ಇದೆ, ಮೂರು ಸಮಸ್ಯೆಗೆ 50 ನಿಮಿಷ. ಅಲ್ಲಿನವು ಇದಕ್ಕಿಂತ ಬಹಳ ಕಠಿಣ. ಇಪ್ಪತ್ತು ನಿಮಿಷ ಮುಗಿದರೆ ಉತ್ತರವನ್ನು ಪೂರ್ತಿ ನೋಡಬೇಡಿ, ಪೊಪೈ ಹೇಳಿದ ಕೊನೆಯ ಮೇಟ್ ನಡೆಯನ್ನು ಮಾತ್ರ ನೋಡಿ ಉಳಿದದ್ದನ್ನು ನೀವೇ ಹಿಂದಕ್ಕೆ ಕಟ್ಟಿ. ಸೀರೀಸ್ ಸಮಸ್ಯೆಗಳು ನಂತರ, ಸೆಲ್ಫ್‌ಮೇಟ್ 2 ಅದರ ಮೇಲೆ. ಮಿಡತೆ, ಸರ್ಸಿಗಳನ್ನು ಮೊದಮೊದಲು ಹೆಲ್ಪ್‌ಮೇಟ್ ರೂಪದಲ್ಲೇ ಹಿಡಿಯಿರಿ. ಹೊಸ ನಿಯಮ ಮತ್ತು ಎದುರಾಳಿಯ ತಡೆ ಎರಡನ್ನೂ ಒಟ್ಟಿಗೆ ಹೊರುವುದು ಆರಂಭದಲ್ಲಿ ಬೇಡ. ಮದ್ರಾಸಿಯನ್ನು ಸರ್ಸಿ ಕೈಗೆ ಕುದುರಿದ ಮೇಲೆ ತೆಗೆದುಕೊಳ್ಳಿ, ಅಲ್ಲಿ ಪ್ರತಿ ನಡೆಯ ನಂತರವೂ ಯಾವ ಕಾಯಿಗೆ ಲಕ್ವ ಇದೆ ಎಂದು ಪೂರ್ತಿ ಹಲಗೆಯನ್ನು ಹೊಸದಾಗಿ ನೋಡಬೇಕಾಗುತ್ತದೆ.